ತೂಗುಹಾಕುವ ಕೈಯಿಂದ ತೂಗಿನೋಡುವ ಕಣ್ಣಿಗೆ: ರೇಡಿಯಾಲಜಿಯ ಓದುಕೋಣೆ ನಡೆದುಬಂದ ದಾರಿ

ದೇಹದ ಒಳಚಿತ್ರಗಳನ್ನು ಪರಿಶೀಲಿಸಿ, ಅವುಗಳಲ್ಲಿ ಕಂಡದ್ದನ್ನು ತೂಗಿನೋಡಿ, ಚಿಕಿತ್ಸೆ ಮಾಡುವ ವೈದ್ಯರಿಗೆ ಲಿಖಿತ ವರದಿ ನೀಡುವ ತಜ್ಞರನ್ನು ರೇಡಿಯಾಲಜಿಸ್ಟ್ ಎನ್ನುತ್ತಾರೆ. ಅವರ ವೃತ್ತಿಯ ಇತಿಹಾಸವನ್ನು ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಎಂದು ಯಂತ್ರಗಳ ಸಾಲಾಗಿ ಹೇಳುವುದು ರೂಢಿ. ಆದರೆ ಯಂತ್ರ ತೆಗೆದ ಚಿತ್ರವು ವರದಿಯಾಗಿ ವೈದ್ಯರ ಕೈಸೇರುವವರೆಗೆ ಹುಡುಕುವ, ಜೋಡಿಸುವ, ಹಳೆಯದರೊಂದಿಗೆ ಹೋಲಿಸುವ, ಬರೆಯುವ, ತಲುಪಿಸುವ ಕೆಲಸಗಳ ಸರಪಳಿಯೊಂದು ಇರುತ್ತದೆ. ಆ ಸರಪಳಿಗೂ ತನ್ನದೇ ಆದ ಚರಿತ್ರೆಯಿದೆ. ಅದನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ವೃತ್ತಿಗೆ ನಿಜವಾಗಿ ನೆರವಾದ ಉಪಕರಣಗಳು ಕಣ್ಣನ್ನು ಬೇಗ ಓಡಿಸಿದವುಗಳಲ್ಲ. ಕಣ್ಣಿಗೂ ಚಿತ್ರಕ್ಕೂ ನಡುವೆ ಅಡ್ಡವಾಗಿದ್ದ ಕೆಲಸಗಳನ್ನು ತೆರವುಗೊಳಿಸಿದವು.

1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಅವರು ಹೊಸ ಕಿರಣವನ್ನು ಗುರುತಿಸಿ, ಅದರ ಸ್ವರೂಪ ತಿಳಿಯದ ಕಾರಣ ಬೀಜಗಣಿತದ ಅಜ್ಞಾತ ರಾಶಿಯ ಹೆಸರನ್ನೇ ಅದಕ್ಕೆ ಇಟ್ಟರು. ಕನ್ನಡದ ಗಣಿತ ಪಠ್ಯಗಳಲ್ಲಿ ಆ ರಾಶಿ ‘ಕ್ಷ’ ಆಗಿದ್ದುದರಿಂದ ಕಿರಣವೂ ‘ಕ್ಷ-ಕಿರಣ’ವಾಯಿತು. ಮರುವರ್ಷವೇ, 1896ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ರಾಯಲ್ ಇನ್‌ಫರ್ಮರಿಯಲ್ಲಿ ಜಾನ್ ಮ್ಯಾಕಿಂಟೈರ್ ಅವರು ಎಕ್ಸ್‌ರೇ ವಿಭಾಗವನ್ನು ತೆರೆದರು. ಆ ಕಾಲದ ಚಿತ್ರಗಳು ಮೂಡುತ್ತಿದ್ದುದು ಭಾರವಾದ, ಕೈಜಾರಿದರೆ ಒಡೆಯುವ ಗಾಜಿನ ಫಲಕಗಳ ಮೇಲೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಗಾಜಿನ ಪೂರೈಕೆ ಕಡಿದುಹೋದ ಮೇಲೆ ಫಿಲ್ಮ್ ಅದರ ಜಾಗಕ್ಕೆ ವೇಗವಾಗಿ ಬಂತು. ಹಗುರವಾದ ಫಿಲ್ಮನ್ನು ಕೂಡಿಡುವುದು ಸುಲಭವಾದರೂ ಮೊದಲ ಫಿಲ್ಮ್‌ಗಳನ್ನು ಮಾಡಿದ್ದ ಸೆಲ್ಯುಲೋಸ್ ನೈಟ್ರೇಟ್ ಬೆಂಕಿಗೆ ತುತ್ತಾಗುವ ವಸ್ತುವಾಗಿತ್ತು. 1929ರ ಮೇ 15ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ದಾಸ್ತಾನಿದ್ದ ಫಿಲ್ಮ್‌ಗಳು ಉರಿದು, ವಿಷಾನಿಲಕ್ಕೆ ಸಿಲುಕಿ 120ಕ್ಕೂ ಹೆಚ್ಚು ಜನ ಮೃತಪಟ್ಟರು. ಸುರಕ್ಷಿತ ಫಿಲ್ಮ್ ಬಳಕೆಗೂ ದಾಸ್ತಾನಿನ ಕಟ್ಟುನಿಟ್ಟಿಗೂ ಈ ದುರಂತ ಒತ್ತಾಸೆಯಾಯಿತು. ಚಿತ್ರವನ್ನು ತೆಗೆಯುವುದಷ್ಟೇ ಅಲ್ಲ, ಜೋಪಾನವಾಗಿ ಇಡುವುದೂ ಈ ವೃತ್ತಿಯ ಹೊಣೆಯೆಂಬುದು ಮನದಟ್ಟಾಯಿತು.

ಫಿಲ್ಮ್ ಯುಗದ ಓದುಕೋಣೆಯ ಕೇಂದ್ರದಲ್ಲಿದ್ದುದು ಬೆಳಕಿನ ಪೆಟ್ಟಿಗೆ, ಎಂದರೆ ಹಿಂಬದಿಯಿಂದ ದೀಪ ಉರಿಯುವ ಬಿಳಿ ಹಲಗೆ. ವರದಿಗಾಗಿ ಕಾದಿದ್ದ ರೋಗಿಯ ಲಕೋಟೆಯನ್ನು ಸಹಾಯಕರು ದಾಸ್ತಾನು ಕೋಣೆಯಿಂದ ತಂದು, ಅದರಲ್ಲಿದ್ದ ಹಳೆಯ ಚಿತ್ರಗಳನ್ನು ಒಂದು ಬದಿಗೂ ಹೊಸವನ್ನು ಇನ್ನೊಂದು ಬದಿಗೂ ಕ್ಲಿಪ್ಪಿಗೆ ಸಿಕ್ಕಿಸಿ ತೂಗುಹಾಕುತ್ತಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ‘ಆಲ್ಟರ್ನೇಟರ್’ ಎಂಬ ಯಂತ್ರವಿತ್ತು. ಅನೇಕ ರೋಗಿಗಳ ಫಿಲ್ಮ್‌ಗಳನ್ನು ಮೊದಲೇ ತೂಗುಹಾಕಿಟ್ಟ ಹಲಗೆಗಳು ಅದರೊಳಗೆ ಮೋಟಾರಿನ ಬಲದಿಂದ ಸುತ್ತುತ್ತಿದ್ದು, ಗುಂಡಿ ಒತ್ತಿದಂತೆ ಒಂದೊಂದಾಗಿ ತಜ್ಞರ ಮುಂದೆ ಬಂದು ನಿಲ್ಲುತ್ತಿದ್ದವು. ಫಿಲ್ಮ್ ಹುಡುಕುವ ಹೊರೆಯನ್ನು ತಜ್ಞರ ತಲೆಯಿಂದ ಇಳಿಸಿದ ಆಲ್ಟರ್ನೇಟರನ್ನು ಇಂದಿನ ತಂತ್ರಾಂಶಗಳ ಪೂರ್ವಜನೆಂದು ಕರೆಯಬಹುದು.

ಚಿತ್ರ ಹೊರಬರುವ ವೇಗವೂ ಇದೇ ಕಾಲದಲ್ಲಿ ಬದಲಾಯಿತು. ಫಿಲ್ಮನ್ನು ಕತ್ತಲಕೋಣೆಯ ರಾಸಾಯನಿಕ ತೊಟ್ಟಿಗಳಲ್ಲಿ ಕೈಯಿಂದಲೇ ತೊಳೆದು ಒಣಗಿಸಬೇಕಿದ್ದಾಗ, ತುರ್ತು ರೋಗಿಯ ಫಿಲ್ಮನ್ನು ಒಣಗಲು ಬಿಡದೆ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ನೋಡಿ ಅಭಿಪ್ರಾಯ ಹೇಳುವ ಪದ್ಧತಿಯಿತ್ತು. ಅದನ್ನು ‘ವೆಟ್ ರೀಡಿಂಗ್’, ಎಂದರೆ ಹಸಿ ಓದು ಎನ್ನುತ್ತಿದ್ದರು. ಕೊಡಾಕ್ ಸಂಸ್ಥೆ 1956ರಲ್ಲಿ ತಂದ ಎಕ್ಸ್-ಓಮ್ಯಾಟ್ ಯಂತ್ರ ಈ ಕೆಲಸವನ್ನು ಆರು ನಿಮಿಷಗಳಿಗೂ, 1965ರ ಹೊಸ ಮಾದರಿ 90 ಸೆಕೆಂಡುಗಳಿಗೂ ಇಳಿಸಿತು. ಫಿಲ್ಮಿನ ನೀರು ಆರಿಹೋದರೂ ಮಾತು ಮಾತ್ರ ಆರಲಿಲ್ಲ. ತುರ್ತು ಪ್ರಾಥಮಿಕ ವರದಿಯನ್ನು ಇಂದಿಗೂ ವೆಟ್ ರೀಡ್ ಎಂದೇ ಕರೆಯುವವರಿದ್ದಾರೆ.

ಚಿತ್ರವನ್ನು ಕಣ್ಣಮುಂದೆ ಬೇಗ ತಂದ ಮಾತ್ರಕ್ಕೆ ಓದು ಸರಿಯಾಗುವುದಿಲ್ಲ ಎಂಬ ಅರಿವೂ ಅದೇ ಶತಮಾನದ ನಡುವಿನಲ್ಲಿ ಮೂಡಿತು. ಕ್ಷಯರೋಗವನ್ನು ಪತ್ತೆಹಚ್ಚಲು ಸಾಮೂಹಿಕವಾಗಿ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದ ಆ ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೆನ್ರಿ ಗಾರ್ಲೆಂಡ್ ಅವರು 1949ರಲ್ಲಿ ಪ್ರಕಟಿಸಿದ ಬರಹವು, ರೋಗಲಕ್ಷಣವಿರುವ ಫಿಲ್ಮ್‌ಗಳಲ್ಲಿ ಸುಮಾರು ಶೇ 30ರಷ್ಟು ಅನುಭವಿ ತಜ್ಞರ ಕಣ್ಣಿಗೂ ತಪ್ಪುತ್ತವೆ ಎಂದು ತೋರಿಸಿತು. ಒಂದೇ ಫಿಲ್ಮನ್ನು ಇಬ್ಬರು ಪ್ರತ್ಯೇಕವಾಗಿ ನೋಡುವ ‘ಇಮ್ಮಡಿ ಓದು’ ಇದಕ್ಕೆ ಒಂದು ಪರಿಹಾರವಾಗಿ ಕಂಡಿತು. ಒಂದು ದೋಷ ಸಿಕ್ಕ ಸಮಾಧಾನದಲ್ಲಿ ಹುಡುಕಾಟ ನಿಂತು ಎರಡನೆಯ ದೋಷ ಉಳಿದುಬಿಡುವ ಪ್ರವೃತ್ತಿಯನ್ನು 1960ರ ದಶಕದ ಆರಂಭದಲ್ಲಿ ವಿಲಿಯಂ ಟಡನ್‌ಹ್ಯಾಮ್ ಗುರುತಿಸಿದರು. ಕೊರತೆಯಿದ್ದುದು ಸಮಯಕ್ಕೆ ಮಾತ್ರವಲ್ಲ, ಗಮನಕ್ಕೂ ಎಂಬ ಈ ಅರಿವು ಮುಂದಿನ ಎಲ್ಲ ಉಪಕರಣಗಳನ್ನು ಅಳೆಯಲು ತಕ್ಕ ಅಳತೆಗೋಲಾಗಿದೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಲಾಯಿತು. ಎಂಬತ್ತಕ್ಕೆ ಎಂಬತ್ತು ಚುಕ್ಕಿಗಳ ಆ ಚಿತ್ರ ಇಂದಿನ ಕಣ್ಣಿಗೆ ಒರಟಾಗಿ ತೋರಿದರೂ ಅದರ ಪ್ರತಿ ಚುಕ್ಕಿಯೂ ಒಂದು ಸಂಖ್ಯೆಯಾಗಿತ್ತು. ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಹೊತ್ತ ಅಳತೆಯಲ್ಲಿ ನೀರಿನ ಬೆಲೆ 0, ಗಾಳಿಯದು -1000, ಗಟ್ಟಿ ಮೂಳೆಯದು +1000ದ ಆಸುಪಾಸು. ಇಷ್ಟು ವ್ಯಾಪ್ತಿಯ ಬೂದುಛಾಯೆಗಳನ್ನು ಮನುಷ್ಯನ ಕಣ್ಣು ಒಮ್ಮೆಗೇ ಬೇರ್ಪಡಿಸಲಾರದು. ಆದ್ದರಿಂದ ಅಳತೆಯ ಒಂದು ತುಣುಕನ್ನು ಮಾತ್ರ ಆಯ್ದು ಕಪ್ಪಿನಿಂದ ಬಿಳುಪಿನವರೆಗೆ ಹರಡಿ ತೋರಿಸುವ ಕ್ರಮ ಬಂತು. ಇದಕ್ಕೆ ‘ವಿಂಡೊ’ ಎಂದು ಹೆಸರು. ಮೃದು ಅಂಗಾಂಶಗಳನ್ನು ನೋಡಲು 40ರ ಸುತ್ತ ಸುಮಾರು 400 ಅಗಲದ ವಿಂಡೊ ಸಾಕಾದರೆ, ಶ್ವಾಸಕೋಶಕ್ಕೆ -600ರ ಸುತ್ತ 1500ರಷ್ಟು ಅಗಲ ಬೇಕು. ಫಿಲ್ಮಿನ ಮೇಲೆ ಅಚ್ಚಾದ ಚಿತ್ರದ ವಿಂಡೊ ಬದಲಿಸಲು ಬಾರದ ಕಾರಣ ಒಂದೇ ಎದೆಯ ಸಿ.ಟಿ.ಯನ್ನು ಶ್ವಾಸಕೋಶಕ್ಕೊಂದು, ಮೃದು ಅಂಗಾಂಶಕ್ಕೊಂದು ಎಂದು ಎರಡೆರಡು ಕಟ್ಟುಗಳಾಗಿ ಅಚ್ಚು ಹಾಕಬೇಕಿತ್ತು. ಪರದೆಯ ಮೇಲೆ ಅದೇ ಬದಲಾವಣೆ ಕೀಲಿಮಣೆಯ ಒಂದು ಸಂಖ್ಯೆಯನ್ನು ಒತ್ತಿದಷ್ಟು ಹಗುರ. ಕಣ್ಣು ಚಿತ್ರವನ್ನು ಬಿಟ್ಟು ಕದಲಬೇಕಿಲ್ಲ.

ಆದರೆ ಪರದೆಗೆ ಹೋಗುವ ಹಾದಿ ಸುಗಮವಾಗಿರಲಿಲ್ಲ. ಪ್ರತಿ ತಯಾರಕನ ಯಂತ್ರವೂ ತನ್ನದೇ ಗುಪ್ತಲಿಪಿಯಲ್ಲಿ ಚಿತ್ರವನ್ನು ಉಳಿಸುತ್ತಿದ್ದರಿಂದ ಒಂದರ ಚಿತ್ರವನ್ನು ಇನ್ನೊಂದು ತೆರೆಯಲಾರದಾಗಿತ್ತು. ಚಿತ್ರಗಳನ್ನು ಗಣಕದಲ್ಲಿ ಕೂಡಿಟ್ಟು ಬೇಕಾದಲ್ಲಿಗೆ ಕಳಿಸುವ ವ್ಯವಸ್ಥೆಗೆ ‘ಪ್ಯಾಕ್ಸ್’ ಎಂದು ಹೆಸರು. ಅದನ್ನು ಕುರಿತ ಮೊದಲ ಸಮ್ಮೇಳನ 1982ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ನಡೆಯಿತು. ಅಮೆರಿಕದ ರೇಡಿಯಾಲಜಿಸ್ಟ್‌ಗಳ ಸಂಘವೂ ವಿದ್ಯುತ್ ಉಪಕರಣ ತಯಾರಕರ ಸಂಘವೂ 1983ರಲ್ಲಿ ಜಂಟಿ ಸಮಿತಿ ರಚಿಸಿ 1985ರಲ್ಲಿ ಮೊದಲ ಮಾನದಂಡವನ್ನು ಹೊರತಂದವು. 1993ರಲ್ಲಿ ಅದು ‘ಡೈಕಾಮ್’ ಎಂಬ ಹೆಸರಿನಲ್ಲಿ ಪೂರ್ಣರೂಪ ಪಡೆಯಿತು. ಡೈಕಾಮ್ ಕಡತದಲ್ಲಿ ಚಿತ್ರದ ಜೊತೆಗೆ ರೋಗಿಯ ಹೆಸರು, ಪರೀಕ್ಷೆಯ ದಿನ, ಅಂಗ, ಯಂತ್ರದ ಅಳತೆಗಳೆಲ್ಲ ಒಂದೇ ಲಕೋಟೆಯೊಳಗಿದ್ದಂತೆ ಸೇರಿರುತ್ತವೆ. ಫಿಲ್ಮಿನ ಮೂಲೆಯ ಹೆಸರುಚೀಟಿ ಮಾಡುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತದೆ.

ಬಾಲ್ಟಿಮೋರಿನ ನಿವೃತ್ತ ಸೈನಿಕರ ಆಸ್ಪತ್ರೆ 1993ರಲ್ಲಿ ಫಿಲ್ಮನ್ನು ಕೈಬಿಟ್ಟು ಅಮೆರಿಕದಲ್ಲಿ ಈ ದಾರಿಯ ಮುಂಚೂಣಿಯಲ್ಲಿ ನಿಂತಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆ 1996ರಲ್ಲಿ ಅದೇ ಹೆಜ್ಜೆಯಿಟ್ಟಿತು. ಪರದೆಯ ಮೇಲೆ ಸಿ.ಟಿ. ಓದುವಾಗ ಫಿಲ್ಮಿಗಿಂತ ಸುಮಾರು ಶೇ 16ರಷ್ಟು ಕಡಿಮೆ ಸಮಯ ಹಿಡಿಯುತ್ತದೆಂದು ಬಾಲ್ಟಿಮೋರಿನ ತಜ್ಞರು 2001ರಲ್ಲಿ ವರದಿ ಮಾಡಿದರು. ಲಾಭದ ಇನ್ನೊಂದು ಪಾಲು ಓದುವುದಕ್ಕೂ ಮೊದಲೇ ಸಿಕ್ಕಿತು, ಏಕೆಂದರೆ ಲಕೋಟೆ ಕಳೆದುಹೋಗುವುದು, ಶಸ್ತ್ರಕ್ರಿಯೆಯ ಕೊಠಡಿಗೆ ಹೋದ ಫಿಲ್ಮ್ ಹಿಂತಿರುಗದಿರುವುದು, ಇಬ್ಬರಿಗೆ ಏಕಕಾಲದಲ್ಲಿ ಒಂದೇ ಫಿಲ್ಮ್ ಬೇಕಾಗುವುದು ಇವೆಲ್ಲ ತಪ್ಪಿದವು. ಓದಬೇಕಾದ ಪರೀಕ್ಷೆಗಳು ತುರ್ತಿನ ಕ್ರಮದಲ್ಲಿ ಒಂದೇ ಪರದೆಯಲ್ಲಿ ಕಾಣುವ ‘ವರ್ಕ್‌ಲಿಸ್ಟ್’ ಎಂಬ ಕಾರ್ಯಪಟ್ಟಿಯೂ, ರೋಗಿಯ ಹಳೆಯ ಚಿತ್ರಗಳನ್ನು ತಾನಾಗಿಯೇ ಹುಡುಕಿ ತರುವ ಏರ್ಪಾಡೂ ಬಂದವು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ಮೇಲೆ ಶ್ವಾಸಕೋಶದ ವಿಂಡೊ, ಕೆಳಗೆ ಮೂಳೆಯ ವಿಂಡೊ ಎಂಬಂತೆ ಚಿತ್ರಗಳನ್ನು ಓದುವವರ ಅಭ್ಯಾಸಕ್ಕೆ ತಕ್ಕಂತೆ ಜೋಡಿಸುವ ನಿಯಮಕ್ಕೆ ‘ಹ್ಯಾಂಗಿಂಗ್ ಪ್ರೊಟೊಕಾಲ್’ ಎಂಬ ಹೆಸರಾಯಿತು. ಎಲ್ಲಿಯೂ ಯಾವುದನ್ನೂ ತೂಗುಹಾಕದ ಕಾಲದಲ್ಲಿಯೂ ಹೆಸರಿನಲ್ಲಿ ತೂಗುಹಾಕುವುದು ಉಳಿದಿರುವುದು, ಬೆಳಗಿನ ಹೊತ್ತು ಫಿಲ್ಮ್‌ಗಳನ್ನು ಕ್ರಮವಾಗಿ ಸಿಕ್ಕಿಸಿಡುತ್ತಿದ್ದ ಆ ಸಹಾಯಕರ ಜಾಣ್ಮೆಗೆ ಸಂದ ಗೌರವವೇ ಸರಿ.

ನೋಡಿದ್ದನ್ನು ಬರಹಕ್ಕಿಳಿಸುವ ಕೆಲಸದ ಕಥೆ ಇಷ್ಟು ನೇರವಲ್ಲ. ತಜ್ಞರು ಟೇಪಿನಲ್ಲಿ ಹೇಳಿದ್ದನ್ನು ಬೆರಳಚ್ಚುಗಾರರು ಕೇಳಿ ಟೈಪು ಮಾಡಿ, ತಿದ್ದುಪಡಿಗೆ ಮರಳಿಸುತ್ತಿದ್ದ ಕಾಲದಲ್ಲಿ ವರದಿ ಹೊರಬೀಳಲು ದಿನಗಳೇ ಹಿಡಿಯುತ್ತಿದ್ದವು. 1996ರಲ್ಲಿ ಐ.ಬಿ.ಎಂ. ಸಂಸ್ಥೆ ರೇಡಿಯಾಲಜಿಸ್ಟ್‌ಗಳಿಗೆಂದೇ ರೂಪಿಸಿದ ‘ಮೆಡ್‌ಸ್ಪೀಕ್’, ಪದಪದದ ನಡುವೆ ನಿಲ್ಲಿಸದೆ ಸಹಜವಾಗಿ ಆಡಿದ ಮಾತನ್ನು ಅಕ್ಷರಕ್ಕೆ ತರುವ ತಂತ್ರಾಂಶಗಳಲ್ಲಿ ಮೊದಲಿಗರ ಸಾಲಿಗೆ ಸೇರಿತು. ವರದಿ ಗಂಟೆಗಳಲ್ಲಿ, ಕೆಲವೊಮ್ಮೆ ನಿಮಿಷಗಳಲ್ಲಿ ಸಿದ್ಧವಾಗತೊಡಗಿತು. ಆದರೆ ಬೆರಳಚ್ಚುಗಾರರೊಂದಿಗೆ ಎರಡನೆಯ ಜೊತೆ ಕಣ್ಣೂ ಕೋಣೆಯಿಂದ ಹೊರಹೋಯಿತು. ‘ಮೂಳೆ ಮುರಿತವಿಲ್ಲ’ ಎಂದು ಹೇಳಿದ್ದರಲ್ಲಿ ಇಂಗ್ಲಿಷಿನ ಪುಟ್ಟ ನಿಷೇಧಪದವೊಂದು ಬಿಟ್ಟುಹೋದರೆ ವರದಿ ‘ಮೂಳೆ ಮುರಿತವಿದೆ’ ಎಂದಾಗುತ್ತದೆ. ಕಾಗುಣಿತ ಪರೀಕ್ಷೆಗೆ ಅದು ತಪ್ಪೆಂದು ತೋರುವುದೂ ಇಲ್ಲ. ಸ್ತನಚಿತ್ರಣದ ವರದಿಗಳನ್ನು ಕುರಿತು ಕೆನಡಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯಂತ್ರ ಬರೆದುಕೊಂಡ ವರದಿಗಳಲ್ಲಿ ಶೇ 23ರಷ್ಟರಲ್ಲಿ ಗಂಭೀರ ತಪ್ಪುಗಳನ್ನು ಕಂಡರೆ, ಬೆರಳಚ್ಚುಗಾರರ ವರದಿಗಳಲ್ಲಿ ಅಂಥವು ಶೇ 4ರಷ್ಟು ಮಾತ್ರ ಎಂದಿತು. ಸಿದ್ಧ ಮಾದರಿಗಳೂ ನಿಗದಿತ ಪದಕೋಶಗಳೂ ಈ ಕೊರತೆಯನ್ನು ಕೊಂಚ ತುಂಬಿದವು. ಸ್ತನಚಿತ್ರಣಕ್ಕೆ 1993ರಲ್ಲಿ ಬಂದ ‘ಬೈ-ರ‍್ಯಾಡ್ಸ್’ ಕ್ರಮವು ಕಂಡದ್ದನ್ನು ಸಂಖ್ಯೆಯ ವರ್ಗಗಳಲ್ಲಿ ಹೇಳಿ, ಪ್ರತಿ ವರ್ಗಕ್ಕೂ ಮುಂದೇನು ಮಾಡಬೇಕೆಂಬ ಸಲಹೆಯನ್ನು ಜೋಡಿಸಿದ್ದರಿಂದ ಬರೆಯುವವರ ಶ್ರಮವೂ ಓದುವವರ ಗೊಂದಲವೂ ಒಟ್ಟಿಗೆ ತಗ್ಗಿದವು.

ಹೀಗೆ ಉಳಿದ ಸಮಯ ತಜ್ಞರ ಪಾಲಿಗೆ ದಕ್ಕಿತೇ ಎಂದರೆ, ಬಹುಮಟ್ಟಿಗೆ ಇಲ್ಲ. ಸಿ.ಟಿ. ಯಂತ್ರಗಳು 1998ರ ಹೊತ್ತಿಗೆ ಒಂದೇ ಸುತ್ತಿನಲ್ಲಿ ನಾಲ್ಕು, 2004ರ ಹೊತ್ತಿಗೆ 64 ಸೀಳುಚಿತ್ರಗಳನ್ನು ತೆಗೆಯುವಷ್ಟು ಮುಂದುವರಿದವು. ಅಮೆರಿಕದ ಮೇಯೊ ಕ್ಲಿನಿಕ್‌ನ ತಜ್ಞರು 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿನ ಒಂದು ಸಿ.ಟಿ. ಪರೀಕ್ಷೆಯ ಸರಾಸರಿ ಚಿತ್ರಗಳ ಸಂಖ್ಯೆ 1999ರಲ್ಲಿ 82 ಇದ್ದದ್ದು 2010ರಲ್ಲಿ 679ಕ್ಕೆ ಏರಿತ್ತು. ಎಂಟು ಗಂಟೆಗಳ ಕೆಲಸದ ದಿನದಲ್ಲಿ ತಜ್ಞರೊಬ್ಬರು ಪ್ರತಿ ಮೂರು ನಾಲ್ಕು ಸೆಕೆಂಡಿಗೆ ಒಂದು ಚಿತ್ರವನ್ನು ನೋಡಿ ಮುಗಿಸಬೇಕಾಗಿತ್ತು. ಕೆರೆಯ ತೂಬು ಅಗಲವಾದಷ್ಟೂ ನೀರೂ ಹೆಚ್ಚು ಹರಿಯಿತು. ಚಿತ್ರಗಳ ಕಟ್ಟನ್ನು ಗಣಕದ ಮೌಸ್‌ನ ಚಕ್ರ ತಿರುಗಿಸಿ ಒಂದರ ಹಿಂದೊಂದು ಓಡಿಸಿ ನೋಡುವ ಕ್ರಮವಿಲ್ಲದಿದ್ದರೆ ಈ ಪ್ರವಾಹವನ್ನು ಎದುರಿಸಲು ಸಾಧ್ಯವೇ ಇರಲಿಲ್ಲ. ಪ್ರತಿ ಬೆರಳಿನ ಚಲನೆಯೂ, ಪ್ರತಿ ಅನಗತ್ಯ ಕ್ಲಿಕ್ಕೂ, ನಡುವೆ ಬರುವ ಪ್ರತಿ ದೂರವಾಣಿ ಕರೆಯೂ ಲೆಕ್ಕಕ್ಕೆ ಬರತೊಡಗಿದ್ದು ಈ ಒತ್ತಡದಿಂದಲೇ.

ಚಿತ್ರ ಸಂಖ್ಯೆಯಾಗಿ ಪ್ರಯಾಣಿಸಬಲ್ಲದು ಎಂದಾದ ಮೇಲೆ ಓದುಕೋಣೆ ಆಸ್ಪತ್ರೆಯ ಒಳಗೇ ಇರಬೇಕೆಂಬ ನಿಯಮವೂ ಸಡಿಲಿತು. ಕರ್ನಾಟಕ ಈ ಇತಿಹಾಸದೊಳಗೆ ಬರುವುದು ಇಲ್ಲಿಯೇ. ಅಮೆರಿಕದ ಯೇಲ್‌ನಲ್ಲಿ ತರಬೇತಾದ ಅರ್ಜುನ್ ಕಲ್ಯಾಣಪುರ್ ಮತ್ತು ಸುನೀತಾ ಮಹೇಶ್ವರಿ ಅವರು 2002ರಲ್ಲಿ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ನ್ಯೂಯಾರ್ಕಿನಲ್ಲಿ ನಡುರಾತ್ರಿಯಾದಾಗ ಬೆಂಗಳೂರಿನಲ್ಲಿ ಬೆಳಗಿನ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆಯಾಗಿರುತ್ತದೆ. ಅಲ್ಲಿನ ತುರ್ತು ವಿಭಾಗದ ಚಿತ್ರವನ್ನು ಇಲ್ಲಿ ನಿದ್ದೆಗಣ್ಣಲ್ಲದ ಕಣ್ಣು ಹಗಲಿನಲ್ಲಿ ನೋಡಿ ಪ್ರಾಥಮಿಕ ವರದಿ ಕಳಿಸುವುದು ಈ ವ್ಯವಸ್ಥೆಯ ತಿರುಳು. ಭೂಮಿಯ ತಿರುಗುವಿಕೆಯನ್ನೇ ಕಾರ್ಯಪಟ್ಟಿಯ ಭಾಗವಾಗಿಸಿದ ಈ ಏರ್ಪಾಡಿನಲ್ಲಿ ಉಳಿದದ್ದು ಸಮಯಕ್ಕಿಂತ ಹೆಚ್ಚಾಗಿ ಎಚ್ಚರ. ದೊಡ್ಡ ವ್ಯವಸ್ಥೆಗಳನ್ನು ಕೊಳ್ಳಲಾಗದ ಸಣ್ಣ ಕೇಂದ್ರಗಳಿಗೆ ಮುಕ್ತ ತಂತ್ರಾಂಶಗಳು ನೆರವಾದವು. 2004ರಲ್ಲಿ ಬಂದ ‘ಓಸಿರಿಕ್ಸ್’ ಚಿತ್ರವೀಕ್ಷಕವೂ, ಬೆಲ್ಜಿಯಂನ ಲಿಯೇಜ್‌ನಲ್ಲಿ ಸೆಬಾಸ್ಟಿಯನ್ ಜೊಡೋನ್ ಅವರು 2012ರಲ್ಲಿ ಹೊರತಂದ ‘ಓರ್ಥಾಂಕ್’ ಎಂಬ ಡೈಕಾಮ್ ಭಂಡಾರವೂ ಅಂಥವು.

ಕೃತಕ ಬುದ್ಧಿಮತ್ತೆಯ ಅಧ್ಯಾಯವೂ ಈ ಹಿನ್ನೆಲೆಯಲ್ಲಿಯೇ ಅರ್ಥವಾಗುವಂಥದು. ಸ್ತನಚಿತ್ರಗಳಲ್ಲಿ ಸಂಶಯದ ತಾಣಗಳಿಗೆ ಗುರುತು ಹಾಕುವ ತಂತ್ರಾಂಶಕ್ಕೆ ಅಮೆರಿಕದಲ್ಲಿ 1998ರಲ್ಲೇ ಅನುಮತಿ ಸಿಕ್ಕಿತ್ತು. ಆದರೆ ಅದರಿಂದ ಓದಿನ ನಿಖರತೆ ಹೆಚ್ಚದೆ, ಅನಗತ್ಯ ಮರುಪರೀಕ್ಷೆಗಳು ಹೆಚ್ಚಿದವೆಂದು 2007ರ ದೊಡ್ಡ ಅಧ್ಯಯನವೊಂದು ತೋರಿಸಿತು. ಎಲ್ಲ ಚಿತ್ರಗಳ ಮೇಲೂ ಒಂದೇ ಸಮನೆ ಬೆರಳು ತೋರುವ ಉಪಕರಣ ಗಮನವನ್ನು ಉಳಿಸಲಿಲ್ಲ, ಚದುರಿಸಿತು. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು ನಡೆದ, 2023ರಲ್ಲಿ ಮೊದಲ ಫಲಿತಾಂಶ ಪ್ರಕಟವಾದ ‘ಮಸಾಯ್’ ಪ್ರಯೋಗದ ದಾರಿ ಬೇರೆ. ಅಲ್ಲಿ ಯಂತ್ರವು ಚಿತ್ರಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಬೇರ್ಪಡಿಸಿತು. ಕಡಿಮೆ ಅಪಾಯದವನ್ನು ಒಬ್ಬ ತಜ್ಞರೂ, ಹೆಚ್ಚು ಅಪಾಯದವನ್ನು ಇಬ್ಬರೂ ನೋಡಿದರು. ಓದಿನ ಹೊರೆ ಶೇ 44ರಷ್ಟು ಇಳಿಯಿತು, ಕ್ಯಾನ್ಸರ್ ಪತ್ತೆ ಮಾತ್ರ ಕುಗ್ಗಲಿಲ್ಲ. ಗಾರ್ಲೆಂಡರ ಕಾಲದ ಇಮ್ಮಡಿ ಓದು ಇಲ್ಲಿ ರದ್ದಾಗಲಿಲ್ಲ. ಅದು ಹೆಚ್ಚು ಬೇಕಾದಲ್ಲಿಗೆ ಸಂದಿತು.

ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಈ ಹಾದಿಯಲ್ಲಿ ಗಾಜು, ಫಿಲ್ಮ್, ಟೇಪು, ಬೆಳಕಿನ ಪೆಟ್ಟಿಗೆ ಒಂದೊಂದಾಗಿ ಹಿಂದೆ ಸರಿದಿವೆ. ಆಲ್ಟರ್ನೇಟರ್, ವಿಂಡೊ, ಹ್ಯಾಂಗಿಂಗ್ ಪ್ರೊಟೊಕಾಲ್, ಸರದಿಯನ್ನು ಸರಿಪಡಿಸುವ ಕಾರ್ಯಪಟ್ಟಿ ಇವು ಬಾಳಿದ್ದು ಹುಡುಕುವ, ಜೋಡಿಸುವ ಕೆಲಸವನ್ನು ತಾವು ಹೊತ್ತು ತೂಗಿನೋಡುವ ಕೆಲಸವನ್ನು ಮನುಷ್ಯನಿಗೆ ಬಿಟ್ಟಿದ್ದರಿಂದ. ಎಡವಿದ ಉಪಕರಣಗಳಾದರೋ ಒಂದೆಡೆ ನಿಮಿಷ ಉಳಿಸಿ ಇನ್ನೊಂದೆಡೆ ಎಚ್ಚರವನ್ನು ಕಬಳಿಸಿದವು. ಹೊಸ ತಂತ್ರಾಂಶವೊಂದನ್ನು ಓದುಕೋಣೆಗೆ ತರುವ ಆಸ್ಪತ್ರೆ ಅದು ಗಂಟೆಗೆ ಎಷ್ಟು ವರದಿ ಹೆಚ್ಚಿಸುತ್ತದೆಂದು ಕೇಳುವ ಮೊದಲು, ಪ್ರತಿ ಚಿತ್ರದ ಮುಂದೆ ತಜ್ಞರು ನಿಶ್ಚಿಂತೆಯಿಂದ ನಿಲ್ಲಬಲ್ಲ ಹೊತ್ತನ್ನು ಅದು ಎಷ್ಟು ಹೆಚ್ಚಿಸುತ್ತದೆಂದು ಕೇಳಬೇಕು. ಆ ಪರದೆಯ ಆಚೆ ವರದಿಗಾಗಿ ಕಾದಿರುವ ರೋಗಿಗೆ ಬೇಕಾದದ್ದೂ ಆ ನಿಶ್ಚಿಂತೆಯ ನೋಟವೇ.