ಆನ್ ಆರ್ಬರ್‌ನಿಂದ ಹುಬ್ಬಳ್ಳಿಗೆ: ಹರ್ಡೀಕರರು ನಡೆದ ದಾರಿ

ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಆನ್ ಆರ್ಬರ್ ಸಿಗುತ್ತದೆ. ಅದು ಮಿಷಿಗನ್ ವಿಶ್ವವಿದ್ಯಾಲಯದ ಊರು. ಇಂದು ಆ ಸುತ್ತಿನಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ಆದರೆ ನಮ್ಮ ಎಂಜಿನಿಯರುಗಳೂ ವೈದ್ಯರೂ ಅಲ್ಲಿಗೆ ಗುಂಪಾಗಿ ಹೋಗುವುದಕ್ಕೆ ಅರ್ಧ ಶತಮಾನ ಮೊದಲೇ, 1916ರಲ್ಲಿ, ಧಾರವಾಡದ ತರುಣರೊಬ್ಬರು ಅಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್ಸಿ. ಪದವಿ ಪಡೆದಿದ್ದರು. ಅವರೇ ನಾರಾಯಣ ಸುಬ್ಬರಾವ್ ಹರ್ಡೀಕರ.

ಹಿಂದೂಸ್ತಾನಿ ಸೇವಾದಳ ಕಟ್ಟಿದವರು ಎಂಬ ಒಂದು ಸಾಲಿನಲ್ಲಿ ನಾವು ಅವರನ್ನು ಮುಗಿಸಿಬಿಡುತ್ತೇವೆ. ಅಮೆರಿಕದ ವರ್ಷಗಳು ಆ ಸಾಲಿನ ಹಿಂದೆ ಮರೆಯಾಗುತ್ತವೆ. ನನ್ನ ಮಟ್ಟಿಗೆ ಸೇವಾದಳದ ಅರ್ಧ ಕಥೆ ಇರುವುದೇ ಆ ವರ್ಷಗಳಲ್ಲಿ. ಅದು ತಿಳಿಯಬೇಕಾದರೆ ಷಿಕಾಗೊ, ಡೆಟ್ರಾಯಿಟ್ ಸೀಮೆಯಲ್ಲಿ ಭಾರತದ ದನಿ ಹೇಗೆ ಬೆಳೆಯಿತೆಂಬುದನ್ನು ಮೊದಲಿನಿಂದ ನೋಡಿಕೊಂಡು ಬರಬೇಕು.

ಆ ದನಿ ಅಲ್ಲಿ ಮೊದಲು ಎದ್ದದ್ದು 1893ರ ಸರ್ವಧರ್ಮ ಸಮ್ಮೇಳನದಲ್ಲಿ. ವಿವೇಕಾನಂದರನ್ನು ಷಿಕಾಗೊಗೆ ಕಳಿಸಲು ಮದ್ರಾಸಿನಲ್ಲಿ ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ. ಮೈಸೂರಿನ ಚಾಮರಾಜೇಂದ್ರ ಒಡೆಯರ ನೆರವೂ ಆ ಪ್ರಯಾಣಕ್ಕಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಸ್ವಾಮಿಗಳು ಡೆಟ್ರಾಯಿಟ್‌ನಲ್ಲೂ ಉಪನ್ಯಾಸಗಳನ್ನು ಕೊಟ್ಟರು. ಆಗ ನಡೆದದ್ದೆಲ್ಲ ಧರ್ಮದ ಮಾತು. ಭಾರತ ಒಂದು ಪರಾಧೀನ ದೇಶ ಎಂಬ ಸಂಗತಿ ಆ ವೇದಿಕೆಗಳಲ್ಲಿ ಹಿನ್ನೆಲೆಯಲ್ಲೇ ಉಳಿಯಿತು.

ಅದನ್ನು ಮುನ್ನೆಲೆಗೆ ತಂದವರು ಮುಂದಿನ ತಲೆಮಾರಿನ ವಿದ್ಯಾರ್ಥಿಗಳು. 1889ರ ಮೇ 7ರಂದು ಹುಟ್ಟಿದ ಹರ್ಡೀಕರರು ತಿಲಕರ ಪ್ರಭಾವದಲ್ಲಿ ಬೆಳೆದವರು, ಕಲ್ಕತ್ತದಲ್ಲಿ ವೈದ್ಯಕೀಯ ಓದಿದವರು. 1913ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ಸಂಘಟನೆಯಾದ ಹಿಂದೂಸ್ತಾನ್ ಅಸೋಸಿಯೇಷನ್‌ನ ಅಧ್ಯಕ್ಷರೂ ಆದರು.

ಮಿಷಿಗನ್ನಿನ ವೈದ್ಯಕೀಯ ಶಾಲೆಗೆ ಆಗ ವಿಕ್ಟರ್ ವಾನ್ ಡೀನ್ ಆಗಿದ್ದರು. ಈ ವಾನ್ ಸಾಮಾನ್ಯರಲ್ಲ. 1898ರ ಸ್ಪೇನ್ ಯುದ್ಧದ ಹೊತ್ತಿಗೆ ಅಮೆರಿಕದ ಸೇನಾ ಶಿಬಿರಗಳಲ್ಲಿ ವಿಷಮಶೀತ ಜ್ವರ ಹಬ್ಬಿ, ಗುಂಡಿಗೆ ಸತ್ತವರಿಗಿಂತ ರೋಗಕ್ಕೆ ಸತ್ತವರೇ ಹೆಚ್ಚಾದಾಗ ಕಾರಣ ಹುಡುಕಲು ಸರ್ಕಾರ ನೇಮಿಸಿದ ಮೂವರಲ್ಲಿ ಅವರೊಬ್ಬರು. ಅವರು ಕಂಡದ್ದು ಇಷ್ಟು: ತೆರೆದ ಪಾಯಿಖಾನೆ, ನೊಣ, ತೊಳೆಯದ ಕೈ. ಸಾವಿರಾರು ಜನ ಒಂದೆಡೆ ಸೇರಿದಾಗ ಅವರನ್ನು ಉಳಿಸುವುದು ಔಷಧಕ್ಕಿಂತ ಮೊದಲು ಶಿಸ್ತು. ಇಂಥ ವಿಚಾರದ ಗಾಳಿ ಬೀಸುತ್ತಿದ್ದ ಶಾಲೆಯಲ್ಲಿ ಹರ್ಡೀಕರರು ಸಾರ್ವಜನಿಕ ಆರೋಗ್ಯ ಓದಿದರು. ಹುಬ್ಬಳ್ಳಿಯಲ್ಲಿ ಅವರು ಮುಂದೆ ಮಾಡಿದ್ದನ್ನು ಓದುವಾಗ ಇದನ್ನು ಮರೆಯುವುದು ನನ್ನಿಂದಾಗುವುದಿಲ್ಲ.

ಪದವಿ ಕೈಗೆ ಬಂದ ಮರುವರ್ಷವೇ ಷಿಕಾಗೊ ಬೇರೊಂದು ಕಾರಣಕ್ಕೆ ಸುದ್ದಿಯಾಯಿತು. ಜರ್ಮನಿಯ ನೆರವಿನಿಂದ ಭಾರತದಲ್ಲಿ ದಂಗೆ ಎಬ್ಬಿಸಲು ಸಂಚು ನಡೆಸಿದರೆಂದು ಹೇರಂಬಲಾಲ್ ಗುಪ್ತ ಮತ್ತು ಮೂವರು ಜರ್ಮನ್ ಮೂಲದವರ ಮೇಲೆ 1917ರಲ್ಲಿ ಅಲ್ಲಿ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗದರ್ ಪಕ್ಷದವರ ದೊಡ್ಡ ವಿಚಾರಣೆಯೂ ಅದೇ ವರ್ಷ ಶುರುವಾಯಿತು. ದೇಶದ ಬಿಡುಗಡೆ ಬಯಸುವ ವಿದ್ಯಾರ್ಥಿಯ ಮುಂದೆ ಆಗ ಎರಡು ದಾರಿ. ಒಂದು ಬಂದೂಕಿನದು. ಇನ್ನೊಂದು, ಅಮೆರಿಕದ ಜನರ ಮುಂದೆ ಬಹಿರಂಗವಾಗಿ ನಿಂತು ಭಾರತದ ಪರ ವಾದಿಸುವುದು. ಲಾಲಾ ಲಜಪತರಾಯ್ ಹಿಡಿದದ್ದು ಎರಡನೆಯದನ್ನು. 1917ರ ಅಕ್ಟೋಬರಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಕಟ್ಟಿದಾಗ ಹರ್ಡೀಕರರು ಅವರ ಬಲಗೈಯಾದರು. 1918ರ ಜನವರಿಯಿಂದ ‘ಯಂಗ್ ಇಂಡಿಯಾ’ ಮಾಸಪತ್ರಿಕೆ ಹೊರಬಂತು. ಹರ್ಡೀಕರರು ಊರೂರು ಸುತ್ತಿ ಭಾಷಣ ಮಾಡಿದರು, ಸದಸ್ಯರನ್ನು ಸೇರಿಸಿದರು. ಆ ಒಡನಾಟದ ನೆನಪನ್ನು ಮುಂದೆ ಅವರೇ ಪುಸ್ತಕವಾಗಿ ಬರೆದರು.

1921ರಲ್ಲಿ ತಾಯ್ನಾಡಿಗೆ ಮರಳಿದರು. ವೈದ್ಯರಾಗಿ ಹಣ ಮಾಡಬಹುದಿತ್ತು. ಹುಬ್ಬಳ್ಳಿಯಲ್ಲಿ ನಿಂತು ಹುಡುಗರನ್ನು ಕಲೆಹಾಕಿದರು.

1923ರ ನಾಗಪುರದ ಧ್ವಜ ಸತ್ಯಾಗ್ರಹ ಅವರನ್ನು ದೇಶಕ್ಕೆ ಪರಿಚಯಿಸಿತು. ಜೈಲಿನ ಕಷ್ಟ ತಡೆಯಲಾರದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರು ಕಟ್ಟಿದ ಹುಬ್ಬಳ್ಳಿ ಸೇವಾ ಮಂಡಲದವರು ಬರೆದುಕೊಡಲಿಲ್ಲ. ಈ ಗಟ್ಟಿತನ ಬಂದದ್ದು ಎಲ್ಲಿಂದ ಎಂದು ಕಾಂಗ್ರೆಸ್ಸಿನ ಹಿರಿಯರು ಕೇಳಿದಾಗ ಸಿಕ್ಕ ಉತ್ತರ ತರಬೇತಿ. ಅದೇ ಡಿಸೆಂಬರಿನ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಮೊದಲ ಅಧ್ಯಕ್ಷರು. ಕೇಂದ್ರ ಕಚೇರಿ ಹುಬ್ಬಳ್ಳಿ.

ಕವಾಯತು, ಸಮವಸ್ತ್ರ ಕಂಡು ಇದು ಪಡೆ ಕಟ್ಟುವ ಹುನ್ನಾರವೇ ಎಂದು ಅಹಿಂಸೆಯ ನಿಷ್ಠರಲ್ಲಿ ಕೆಲವರು ಶಂಕಿಸಿದರು. ಆ ಶಂಕೆಗೆ ನೆಲೆ ಇರಲಿಲ್ಲ ಎನ್ನಲಾರೆ. ಸಾಲು ಹಿಡಿದು ನಡೆಯಲು ಕಲಿತವರು ಯಾರ ಹಿಂದೆ ಬೇಕಾದರೂ ನಡೆದಾರು. ಆದರೆ ಹರ್ಡೀಕರರ ದಳ ಏನು ಮಾಡಿತೆಂದು ನೋಡಬೇಕು. 1924ರ ಬೆಳಗಾವಿ ಅಧಿವೇಶನಕ್ಕೆ ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಹಲವರು ಅದುವರೆಗೆ ಮನೆಯ ಹೊಸಿಲು ದಾಟದವರು. ಅದೇ ಅಧಿವೇಶನದಲ್ಲಿ ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ಸ್ವಯಂಸೇವಕರು ಪಾಯಿಖಾನೆಗಳನ್ನು ತಾವೇ ಸ್ವಚ್ಛ ಮಾಡಿದರು. ಗಾಂಧೀಜಿ ಅದನ್ನು ಮೆಚ್ಚಿ ಬರೆದರು. ಆ ಕೆಲಸದ ಶ್ರೇಯ ಹರ್ಡೀಕರರದಲ್ಲ. ಆದರೂ ಜನ ಸೇರುವ ಕಡೆ ನೀರು, ನೆರಳು, ಶೌಚ, ಸಾಲು ಇವು ರಾಜಕೀಯದ ಭಾಗವೇ ಎಂಬ ತಿಳಿವು ಬೆಳಗಾವಿಯಲ್ಲಿ ಬೇರೂರಿತು. ಆ ತಿಳಿವಿನಲ್ಲೇ ಮಿಷಿಗನ್ ಪದವೀಧರರ ಮನಸ್ಸೂ ಕೆಲಸ ಮಾಡುತ್ತಿತ್ತು.

1931ರಲ್ಲಿ ದಳ ಕಾಂಗ್ರೆಸ್ಸಿನ ಅಧಿಕೃತ ಅಂಗವಾಯಿತು. ಮರುವರ್ಷ ಸರ್ಕಾರ ಅದನ್ನು ನಿಷೇಧಿಸಿತು. ಇದಕ್ಕೂ ಮೊದಲು, 1929ರಲ್ಲಿ, ಹರ್ಡೀಕರರು ಡಾ. ಕೊಕಟನೂರರ ಜೊತೆ ಸೇರಿ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಶುರು ಮಾಡಿದ್ದರು. ದಳದ ಮೇಲೆ ನಿಷೇಧ ಬಂತು, ಆರೋಗ್ಯಧಾಮ ಉಳಿಯಿತು. ನನ್ನ ಲೆಕ್ಕದಲ್ಲಿ ಆನ್ ಆರ್ಬರ್‌ನ ಓದಿನ ನೇರ ಫಲ ಈ ಆಸ್ಪತ್ರೆಯೇ.

ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1962ರವರೆಗೆ ಅವರು ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಪದವಿ ಹಿಡಿದು ಮೆರೆದವರಲ್ಲ.

ಅವರು ತೀರಿಕೊಂಡದ್ದು 1975ರ ಆಗಸ್ಟ್ 26ರಂದು. ಅಮೆರಿಕದ ಹೊಸ ವಲಸೆ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು ಅದಕ್ಕೆ ಹತ್ತು ವರ್ಷ ಮೊದಲು, 1965ರ ಅಕ್ಟೋಬರ್ 3ರಂದು. ಆ ಬಾಗಿಲು ತೆರೆದ ಮೇಲೆ ಹೋದವರು ಡೆಟ್ರಾಯಿಟ್‌ನಲ್ಲಿ ಪಂಪ ಕನ್ನಡ ಕೂಟವನ್ನೂ ಷಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟವನ್ನೂ ಕಟ್ಟಿದರು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನಗಳು 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಷಿಕಾಗೊದಲ್ಲಿ ನಡೆದವು.

ಹರ್ಡೀಕರರ ಕಾಗದಪತ್ರಗಳು ದೆಹಲಿಯ ತೀನ್‌ಮೂರ್ತಿ ಗ್ರಂಥಾಲಯದಲ್ಲಿವೆ. ಆನ್ ಆರ್ಬರ್‌ನಲ್ಲೂ ಡೆಟ್ರಾಯಿಟ್‌ನಲ್ಲೂ ಇರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ: ಒಂದು ರಜೆಯ ದಿನ ಹರ್ಡೀಕರರು ಓದಿದ ವಿಶ್ವವಿದ್ಯಾಲಯದ ಹಳೆಯ ದಾಖಲೆಗಳ ಕೋಣೆಗೆ ಹೋಗಿ, 1913ರಿಂದ 1916ರವರೆಗಿನ ಕಡತಗಳಲ್ಲಿ ಧಾರವಾಡದ ಈ ಹೆಸರನ್ನು ಹುಡುಕಿ. ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆಯಿರಿ.