ಮೇಣ ಕರಗಿದೆಡೆಯಲ್ಲಿ ಹೊನ್ನು

ಹಾಳಾದ ಹಲ್ಲನ್ನು ಕೀಳದೆ ಉಳಿಸಿಕೊಳ್ಳಬೇಕೆಂಬ ಆಸೆ ಹಳೆಯದು. ಅದನ್ನು ನೆರವೇರಿಸುವ ವಿದ್ಯೆ ಬಲಿತದ್ದು ಮಾತ್ರ ಈಚೆಗೆ. ಆಡುಮಾತಿನಲ್ಲಿ ನಾವು ಹಲ್ಲಿಗೆ ಹಾಕುವ ಕ್ಯಾಪ್ ಎನ್ನುವುದನ್ನು ದಂತವೈದ್ಯರು ಕಿರೀಟವೆಂದು ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಚಿನ್ನದ ತಗಡನ್ನು ಬಡಿದು, ಬಾಗಿಸಿ, ಬೆಸೆದು ಮಾಡುತ್ತಿದ್ದರು. ಎಷ್ಟೇ ಜಾಣ್ಮೆಯಿಂದ ಬಡಿದರೂ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿಯುವುದಿತ್ತು. ಅದರೊಳಗೆ ಅನ್ನದ ಕಣ ಸೇರಿದರೆ ಹೊನ್ನಿನ ಹೊದಿಕೆಯ ಕೆಳಗೇ ಹಲ್ಲು ಕೊಳೆಯತೊಡಗುತ್ತಿತ್ತು.

1907ರ ಜನವರಿಯಲ್ಲಿ ವಿಲಿಯಂ ಟ್ಯಾಗರ್ಟ್ ಎಂಬ ಅಮೆರಿಕದ ದಂತವೈದ್ಯ ನ್ಯೂಯಾರ್ಕಿನಲ್ಲಿ ತನ್ನ ವೃತ್ತಿಬಾಂಧವರ ಮುಂದೆ ಬೇರೊಂದು ಹಾದಿಯನ್ನು ತೆರೆದಿಟ್ಟ. ಹಲ್ಲಿನ ಕುಳಿಗೆ ಮೇಣವನ್ನು ಒತ್ತಿ ತದ್ರೂಪ ತೆಗೆಯುವುದು. ಅದನ್ನು ಅಚ್ಚಿನ ಗಾರೆಯಲ್ಲಿ ಹುದುಗಿಸಿ ಕಾಸುವುದು. ಮೇಣ ಕರಗಿ ಬರಿದಾದ ಎಡೆಗೆ ದ್ರವವಾದ ಚಿನ್ನವನ್ನು ಅನಿಲದ ಒತ್ತಡದಿಂದ ನುಗ್ಗಿಸುವುದು. ಆರುವಾಗ ಚಿನ್ನ ನೂರಕ್ಕೆ ಸುಮಾರು ಒಂದೂವರೆ ಪಾಲು ಕುಗ್ಗುತ್ತದೆ. ಅಚ್ಚು ಹಿಗ್ಗುವುದರಿಂದ ಆ ಕೊರತೆಯನ್ನು ಸರಿದೂಗಿಸುವ ಲೆಕ್ಕವನ್ನು ಮುಂದಿನವರು ಕಂಡುಕೊಂಡರು. ಕುಳಿ ತುಂಬುವ ತುಣುಕಿನಿಂದ ಆರಂಭವಾದ ಈ ವಿಧಾನ ಹಲ್ಲನ್ನು ಮುಚ್ಚುವ ಕಿರೀಟಕ್ಕೂ ಹಬ್ಬಿತು.

ಟ್ಯಾಗರ್ಟ್ ಪೇಟೆಂಟ್ ಪಡೆದ. ದಂತವೈದ್ಯರ ಮೇಲೆ ದಾವೆ ಹೂಡಿದ. ಆದರೆ ಅಯೋವಾದ ಫಿಲ್‌ಬ್ರೂಕ್ ಎಂಬ ವೈದ್ಯ 1897ರಲ್ಲಿಯೇ ಇಂಥ ಎರಕವನ್ನು ವಿವರಿಸಿದ್ದುದು ಬೆಳಕಿಗೆ ಬಂದು, ಅವನ ಹಕ್ಕು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ಕನ್ನಡಿಗರಾದ ನಮಗೆ ಈ ವ್ಯಾಜ್ಯ ಇನ್ನೂ ಹಿಂದಿನದೊಂದನ್ನು ನೆನಪಿಗೆ ತರಬೇಕು. 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ವಿಗ್ರಹದ ಎರಕವನ್ನು ಬಣ್ಣಿಸಿದ್ದಾನೆ: ಮೇಣದ ಮೂರ್ತಿ, ಪದರಪದರವಾಗಿ ಮಣ್ಣಿನ ಲೇಪ, ಮೇಣದ ತೂಕದ ಮೇಲೆ ಲೋಹದ ತೂಕದ ನಿರ್ಣಯ, ಕೊನೆಗೆ ಮೇಣವನ್ನು ಕರಗಿಸಿ ಹರಿಸಿ ಲೋಹವನ್ನು ಹೊಯ್ಯುವ ಕ್ರಮ. ಅವನಿಗಿಂತ ಸಾವಿರಾರು ವರ್ಷಗಳ ಹಿಂದೆ ಮೊಹೆಂಜೊದಾರೊದ ನರ್ತಕಿ ಇದೇ ಹಾದಿಯಲ್ಲಿ ರೂಪುಗೊಂಡವಳು.

ಎಲ್ಲವೂ ನಮ್ಮಲ್ಲಿತ್ತೆಂದು ಬೀಗುವುದಕ್ಕೆ ಇದು ನೆಪವಾಗಬಾರದು. ಸೋಮೇಶ್ವರ ಹೇಳಿದ ಎರಕ ಮೂರ್ತಿಗಾಗಿ. ಟ್ಯಾಗರ್ಟನದು ನೋಯುವ ಮನುಷ್ಯನ ಬಾಯಿಗಾಗಿ. ಒಂದು ಕೆಲಸದ ವಿದ್ಯೆಯನ್ನು ಇನ್ನೊಂದಕ್ಕೆ ತಿರುಗಿಸುವುದೂ ದೊಡ್ಡ ಶೋಧವೇ. ಆದರೆ ತಿರುಗಿಸಿದವನು ಆ ವಿದ್ಯೆಗೇ ಒಡೆಯನಾಗಲಾರ. ಇಂದು ಪಿಂಗಾಣಿ, ಜಿರ್ಕೋನಿಯಾ ಕಿರೀಟಗಳನ್ನು ಗಣಕಯಂತ್ರದ ನೆರವಿನಿಂದ ಕೊರೆದು ತೆಗೆಯುತ್ತಾರೆ. ಆದರೂ ಮೇಣದ ಎರಕ ಮರೆಯಾಗಿಲ್ಲ. ಹೆಸರಿಲ್ಲದ ಕಂಚುಗಾರರ ಆ ಸಾಲ ನಮ್ಮ ಬಾಯಲ್ಲೇ ಉಳಿದಿದೆ.