ಅಳೆದವರು ಯಾರು?

ನಮ್ಮ ಕೇರಿ ಊರಾಚೆ ಇದೆ. ಅಲ್ಲೇ ಇರಬೇಕು ಅಂತ ಗೆರೆ ಎಳೆದವರು ನಮ್ಮ ಮುತ್ತಜ್ಜನನ್ನು ಕೇಳಿರಲಿಲ್ಲ. ಹಳ್ಳಿ ಬಿಟ್ಟು ಪಟ್ಟಣ ಸೇರಿದರೆ ಆ ಗೆರೆ ಅಳಿಯುತ್ತೆ ಅಂದುಕೊಂಡವರು ನಾವು. ಆದರೆ ಪಟ್ಟಣದಲ್ಲೂ ಬಡವರ ಜಾಗದ ತೀರ್ಮಾನ ಬಡವರಿಲ್ಲದ ಕೋಣೆಯಲ್ಲೇ ಆಗುತ್ತಾ ಬಂದಿದೆ. ಮುಂಬಯಿಯ ಚರಿತ್ರೆಯನ್ನೇ ನೋಡಿ.

1896ರಲ್ಲಿ ಅಲ್ಲಿಗೆ ಪ್ಲೇಗು ಬಂತು. 1898ರಲ್ಲಿ ಬ್ರಿಟಿಷ್ ಸರ್ಕಾರ ನಗರ ಸುಧಾರಣೆಗೆಂದು ಒಂದು ಟ್ರಸ್ಟು ಮಾಡಿತು. ಕಿಕ್ಕಿರಿದ ಕೇರಿಗಳನ್ನು ಕೆಡವಿ ಅಗಲ ರಸ್ತೆ ಹಾಕುವುದು ಅದರ ಕೆಲಸ. ಮನೆ ಕಳಕೊಂಡ ಎಷ್ಟೋ ಜನ ಪಕ್ಕದ ಕೇರಿಗೆ ನುಗ್ಗಿದರು. ಅಲ್ಲಿ ಇನ್ನಷ್ಟು ಇಕ್ಕಟ್ಟಾಯಿತು. ಟ್ರಸ್ಟು ಚಾಳುಗಳನ್ನೂ ಕಟ್ಟಿತು, ನಿಜ. ಪರೇಲಿನ ಅಂಥ ಒಂದು ಚಾಳಿನಲ್ಲೇ ಬಾಬಾಸಾಹೇಬ್ ಅಂಬೇಡ್ಕರ್ ವರ್ಷಗಟ್ಟಲೆ ಬಾಳಿದರು. ಮುಂದೆ ಸಂವಿಧಾನ ಬರೆಯಲಿದ್ದ ಮನುಷ್ಯನ ಕೋಣೆ ಎಷ್ಟಗಲ ಇರಬೇಕೆಂದು ಅಳೆದವರು ಬೇರೆ ಯಾರೋ.

ಸ್ವಾತಂತ್ರ್ಯ ಬಂತು, ಅಳತೆಪಟ್ಟಿ ಕೈ ಬದಲಾಯಿಸಿತು ಅಷ್ಟೆ. 1976ರಲ್ಲಿ ಸರ್ಕಾರ ಗುಡಿಸಲುಗಳ ಗಣತಿ ಮಾಡಿತು. ಫುಟ್‌ಪಾತಿನ ಮೇಲೆ ಬದುಕುವವರಲ್ಲಿ ಬಹುಪಾಲು ಜನ ಅದಕ್ಕೆ ಸೇರಲೇ ಇಲ್ಲ. 1981ರ ಜುಲೈ ತಿಂಗಳು, ಸುರಿಯುವ ಮಳೆಗಾಲ. ಇವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಸಾಗಿಸುವುದಾಗಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಸಾರಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತು ಫುಟ್‌ಪಾತಿನ ಜನ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 1985ರ ಜುಲೈ 10ರಂದು ತೀರ್ಪು ಬಂತು. ಹೊಟ್ಟೆಪಾಡಿನ ಹಕ್ಕು ಜೀವಿಸುವ ಹಕ್ಕಿನೊಳಗೇ ಇದೆ, ಎಬ್ಬಿಸುವ ಮುಂಚೆ ಸಾಮಾನ್ಯವಾಗಿ ನೋಟಿಸು ಕೊಟ್ಟು ಅವರ ಮಾತು ಕೇಳಬೇಕು ಎಂದಿತು ಕೋರ್ಟು. ಆದರೆ ಎಬ್ಬಿಸುವ ಅಧಿಕಾರವನ್ನು ಮಾತ್ರ ತೆಗೆಯಲಿಲ್ಲ. 1976ರ ಎಣಿಕೆಗೆ ಸಿಕ್ಕವರಿಗೆ ಬದಲಿ ಜಾಗ ಕೊಡಬೇಕೆಂದಿತು. ಸಿಗದವರ ಗತಿ?

ಅದೇ 1985ರಲ್ಲಿ ಬೈಕಲಾ ಕಡೆಯ ಫುಟ್‌ಪಾತ್ ಜನ, ಸ್ಪಾರ್ಕ್ ಎಂಬ ಸಂಸ್ಥೆಯ ಜೊತೆ ಸೇರಿ, ತಮ್ಮನ್ನು ತಾವೇ ಎಣಿಸಿಕೊಂಡರು. ಸುಮಾರು 6,000 ಕುಟುಂಬಗಳು. ವರದಿಗೆ ‘ಕಣ್ಣಿಗೆ ಬೀಳದ ನಾವು’ ಎಂಬರ್ಥದ ಹೆಸರಿಟ್ಟರು. ಅಲ್ಲಿನ ಹೆಂಗಸರು ಮಹಿಳಾ ಮಿಲನ್ ಕಟ್ಟಿಕೊಂಡು, ತಮಗೆ ಬೇಕಾದ ಮನೆಯ ಮಾದರಿಯನ್ನು ಬಟ್ಟೆ, ಕೋಲುಗಳಲ್ಲಿ ನಿಜವಾದ ಅಳತೆಯಲ್ಲೇ ನಿಲ್ಲಿಸಿ ತೋರಿಸಿದರು. 14 ಅಡಿ ಎತ್ತರ, ಒಳಗೊಂದು ಅಟ್ಟ. ನೆಲ ಹೆಚ್ಚಿಸದೆ ಮಲಗುವ ಜಾಗ ಹೆಚ್ಚಿತು. ಒಂದೇ ಮೂಲೆಯಲ್ಲಿ ಅಡಿಗೆ ಮಾಡಿ, ಮಕ್ಕಳನ್ನು ಮಲಗಿಸಿದವಳಿಗೆ ತಾನೆ ಇದು ಹೊಳೆಯೋದು!

1990ರ ದಶಕದಲ್ಲಿ ಪುನರ್ವಸತಿ ಯೋಜನೆಗೆ ನಿವಾಸಿಗಳಲ್ಲಿ ನೂರಕ್ಕೆ 70 ಮಂದಿ ಒಪ್ಪಬೇಕೆಂಬ ನಿಯಮ ಬಂತು. ಧಾರಾವಿಯ ಪುನರಭಿವೃದ್ಧಿಯಲ್ಲಿ ಸರ್ಕಾರ ಆ ನಿಯಮವನ್ನೂ ಬದಿಗಿಟ್ಟಿತು. ನಿಯಮ ಇದ್ದ ಕಡೆಯಾದರೂ ಆ ಒಪ್ಪಿಗೆ ಎಂಥದು? ಬೇರೆಯವರು ಬರೆದ ನಕ್ಷೆಗೆ ನಮ್ಮ ಹೆಬ್ಬೆಟ್ಟು. ನಕ್ಷೆ ಬರೆಯುವಾಗಲೇ ಕರೆಯದೆ ಆಮೇಲೆ ರುಜು ಕೇಳುವುದನ್ನು ಪಾಲ್ಗೊಳ್ಳುವಿಕೆ ಅನ್ನೋಕಾಗಲ್ಲ.

ಗೆಳೆಯರೇ, ನಾಳೆ ನಿಮ್ಮ ಕೇರಿಗೂ ಸರ್ವೆಯವರು ಬರಬಹುದು. ಅದಕ್ಕೆ ಮುಂಚೆ ನಾವೇ ಒಂದು ನೋಟ್‌ಬುಕ್ ಹಿಡಿಯೋಣ. ಯಾರ ಮನೆ ಎಲ್ಲಿ, ಎಷ್ಟು ವರ್ಷದಿಂದ, ನಲ್ಲಿ ಎಷ್ಟು ದೂರ – ಬರೆಯೋಣ. ಅಕ್ಷರ ಬಾರದ ಅವ್ವಂದಿರು ಹೇಳಲಿ, ಓದು ಕಲಿತ ನಾವು ಬರೆದುಕೊಳ್ಳೋಣ. ನಮ್ಮ ಓದು ಮೊದಲು ಆ ಕೆಲಸಕ್ಕೆ ಬರಲಿ.